ಮದುವೆಯಾಗದೆ ಒಟ್ಟಿಗೆ ಬಾಳುವವರ ಹಕ್ಕುಗಳು ಮತ್ತು ಹೊಣೆಗಳು: ಭಾರತದ ಕಾನೂನಿನಂತೆ ಹಂತ ಹಂತದ ಮಾರ್ಗದರ್ಶಿ

ಮದುವೆಯಾದ ದಿನದಿಂದಲೇ ಗಂಡ ಹೆಂಡತಿಗೆ ಕೆಲವು ಹಕ್ಕುಗಳು ಕೇಳದೆಯೇ ಬರುತ್ತವೆ. ಒಬ್ಬರು ತೀರಿಕೊಂಡರೆ ಇನ್ನೊಬ್ಬರು ವಾರಸುದಾರರಾಗುತ್ತಾರೆ, ಆಸ್ಪತ್ರೆಯಲ್ಲಿ ಸಹಿ ಹಾಕಲು ಅವರನ್ನೇ ಕರೆಯುತ್ತಾರೆ, ಪರಸ್ಪರ ಕೊಟ್ಟುಕೊಂಡ ಉಡುಗೊರೆಗೆ ತೆರಿಗೆ ಬೀಳುವುದಿಲ್ಲ. ಮದುವೆಯಾಗದೆ ಒಂದೇ ಸೂರಿನಡಿ ಬಾಳುವ ಜೋಡಿಗೆ ಇವು ಯಾವುವೂ ತಾವಾಗಿ ಬರುವುದಿಲ್ಲ. ಹೆಣ್ಣಿನ ಮೇಲಿನ ಹಿಂಸೆ ಮತ್ತು ಮಕ್ಕಳ ಪಾಲನೆ ಎಂಬ ಎರಡು ವಿಷಯಗಳಲ್ಲಿ ಮಾತ್ರ ಕಾನೂನು ಗಟ್ಟಿಯಾಗಿ ಕೈಹಿಡಿಯುತ್ತದೆ. ಉಳಿದುದನ್ನು ಜೋಡಿಯೇ, ಸಂಬಂಧ ಚೆನ್ನಾಗಿರುವಾಗಲೇ, ಕಾಗದದ ಮೇಲೆ ಬರೆದು ಭದ್ರ ಮಾಡಿಕೊಳ್ಳಬೇಕು.

ಈ ವಿಷಯದಲ್ಲಿ ಎರಡು ತಪ್ಪು ನಂಬಿಕೆಗಳು ಬಹಳ ಹರಡಿವೆ. ಮದುವೆಯಾಗದೆ ಜೊತೆಗಿರುವುದೇ ಅಪರಾಧ ಎಂಬುದು ಒಂದು. ಸುಪ್ರೀಂ ಕೋರ್ಟ್ 2010ರಲ್ಲಿ ಖುಷ್ಬೂ ಪ್ರಕರಣದಲ್ಲಿ, ವಯಸ್ಕ ಗಂಡು ಹೆಣ್ಣು ತಮ್ಮ ಇಚ್ಛೆಯಿಂದ ಒಟ್ಟಿಗೆ ವಾಸಿಸುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಇಷ್ಟು ವರ್ಷ ಜೊತೆಗಿದ್ದರೆ ತಾನಾಗಿ ಮದುವೆಯಾದಂತೆ ಎಂಬುದು ಎರಡನೆಯದು. ಅಂಥ ಗಡುವು ನಮ್ಮ ಯಾವ ಕಾಯ್ದೆಯಲ್ಲೂ ಇಲ್ಲ. ದೀರ್ಘಕಾಲ ಗಂಡ ಹೆಂಡತಿಯಂತೆ ಬಾಳಿದವರು ವಿವಾಹಿತರೇ ಇರಬೇಕು ಎಂದು ನ್ಯಾಯಾಲಯ ಭಾವಿಸಬಹುದು, ನಿಜ. ಆದರೆ ಅದು ಸಾಕ್ಷ್ಯ ಕಾನೂನಿನಲ್ಲಿರುವ ಒಂದು ಊಹೆಯಷ್ಟೇ. ಎದುರು ಪಕ್ಷದವರು ಮದುವೆ ನಡೆದೇ ಇಲ್ಲವೆಂದು ಸಾಬೀತು ಮಾಡಿದರೆ ಅದು ಬಿದ್ದುಹೋಗುತ್ತದೆ. ಮೊದಲನೆಯ ನಂಬಿಕೆ ಜನರನ್ನು ಸುಮ್ಮನೆ ಹೆದರಿಸುತ್ತದೆ. ಎರಡನೆಯದು ಅವರನ್ನು ಮೈಮರೆಸುತ್ತದೆ, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಅಪಾಯಕಾರಿ.

ಮೊದಲ ಹಂತ: ನಿಮ್ಮಿಬ್ಬರ ವಯಸ್ಸು ಮತ್ತು ವೈವಾಹಿಕ ಸ್ಥಿತಿಯನ್ನು ಖಚಿತಪಡಿಸಿಕೊಳ್ಳಿ

ಇಬ್ಬರಿಗೂ 18 ವರ್ಷ ತುಂಬಿರಲೇಬೇಕು. ಒಬ್ಬರಿಗೆ ಒಂದು ತಿಂಗಳು ಕಡಿಮೆಯಿದ್ದರೂ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ, ಮತ್ತು ಅಲ್ಲಿ ಒಪ್ಪಿಗೆ ಇತ್ತು ಎಂಬ ವಾದಕ್ಕೆ ಬೆಲೆಯಿಲ್ಲ. ಗಂಡಿಗೆ 18 ತುಂಬಿ 21 ಆಗಿಲ್ಲದಿದ್ದರೆ ಮದುವೆಯಾಗಲು ವಯಸ್ಸು ಸಾಲದು, ಆದರೆ ವಯಸ್ಕರಾಗಿ ಜೊತೆಗೆ ವಾಸಿಸಲು ಅಡ್ಡಿಯಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕೇರಳದ ನಂದಕುಮಾರ್ ಪ್ರಕರಣದಲ್ಲಿ ಒಪ್ಪಿಕೊಂಡಿತು.

ಇಬ್ಬರಲ್ಲಿ ಒಬ್ಬರಿಗೆ ಈಗಾಗಲೇ ಮದುವೆಯಾಗಿದ್ದು ವಿಚ್ಛೇದನ ಪೂರ್ತಿಯಾಗಿಲ್ಲದಿದ್ದರೆ ಪರಿಸ್ಥಿತಿ ಬೇರೆಯೇ ಆಗುತ್ತದೆ. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 497 ಅನ್ನು 2018ರಲ್ಲಿ ರದ್ದುಪಡಿಸಲಾಯಿತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಇಲ್ಲ. ಆದ್ದರಿಂದ ವ್ಯಭಿಚಾರದ ಆರೋಪದ ಮೇಲೆ ಜೈಲಿನ ಭಯವಿಲ್ಲ. ಆದರೆ ಅದು ವಿಚ್ಛೇದನಕ್ಕೆ ಕಾರಣವಾಗಬಲ್ಲದು, ಮತ್ತು ಮೊದಲ ಮದುವೆ ಉಳಿದಿರುವಾಗಲೇ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಎರಡನೆಯ ಮದುವೆ ಮಾಡಿಕೊಂಡರೆ ದ್ವಿಪತ್ನಿತ್ವದ ಆರೋಪಕ್ಕೆ ದಾರಿಯಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಸಂಗಾತಿ ವಿವಾಹಿತನೆಂದು ತಿಳಿದೂ ಜೊತೆಗಿದ್ದ ಹೆಣ್ಣಿಗೆ ಮುಂದೆ ವಿವರಿಸುವ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣೆ ಬಹುಮಟ್ಟಿಗೆ ಕೈತಪ್ಪುತ್ತದೆ. ‘ಡೈವೋರ್ಸ್ ನಡೀತಾ ಇದೆ’ ಎಂಬ ಮಾತನ್ನು ನಂಬಿ ಕೂರಬೇಡಿ. ನ್ಯಾಯಾಲಯದ ಡಿಕ್ರಿಯ ಪ್ರತಿಯನ್ನು ಕೇಳಿ ನೋಡಿ. ಹೀಗೆ ಕೇಳುವುದು ಅಪನಂಬಿಕೆಯಲ್ಲ.

ಉತ್ತರಾಖಂಡದಲ್ಲಿ ವಾಸಿಸುವ ಜೋಡಿಗಳು ಇನ್ನೊಂದು ನಿಯಮವನ್ನು ಪಾಲಿಸಬೇಕು. ಅಲ್ಲಿ 2025ರ ಜನವರಿ 27ರಿಂದ ಜಾರಿಗೆ ಬಂದ ಏಕರೂಪ ನಾಗರಿಕ ಸಂಹಿತೆಯ ಪ್ರಕಾರ ಲಿವ್-ಇನ್ ಸಂಬಂಧವನ್ನು ನೋಂದಾಯಿಸಬೇಕು. ಒಂದು ತಿಂಗಳು ಮೀರಿದರೂ ನೋಂದಾಯಿಸದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ವಿಧಿಸಬಹುದು. ಉದ್ಯೋಗದ ಮೇಲೆ ಡೆಹ್ರಾಡೂನಿಗೋ ಹರಿದ್ವಾರಕ್ಕೋ ಹೋಗುವ ಕನ್ನಡಿಗರು ಇದನ್ನು ಮೊದಲೇ ತಿಳಿದಿರಲಿ.

ಎರಡನೆಯ ಹಂತ: ಮನೆಯವರ ವಿರೋಧವಿದ್ದರೆ ಮೊದಲು ಹೇಳಿಕೆ ಕೊಡಿ

ವಯಸ್ಸಿಗೆ ಬಂದ ಮಗಳು ಮನೆ ಬಿಟ್ಟು ಹೋದಾಗ ಸಾಮಾನ್ಯವಾಗಿ ನಡೆಯುವುದೇನೆಂದರೆ, ಹೆತ್ತವರು ಠಾಣೆಯಲ್ಲಿ ಕಾಣೆಯಾದ ದೂರನ್ನೋ ಅಪಹರಣದ ದೂರನ್ನೋ ಕೊಡುತ್ತಾರೆ. ಜೋಡಿ ತಲೆಮರೆಸಿಕೊಂಡಷ್ಟೂ ಅನುಮಾನ ಬಲವಾಗುತ್ತದೆ. ಅದರ ಬದಲು ವಕೀಲರೊಬ್ಬರ ಜೊತೆಗೆ ಠಾಣೆಗೆ ಹೋಗಿ, ವಯಸ್ಸಿನ ದಾಖಲೆ ತೋರಿಸಿ, ‘ನಾನು ನನ್ನ ಇಚ್ಛೆಯಿಂದ ಬಂದಿದ್ದೇನೆ, ಯಾರೂ ಬಲವಂತ ಮಾಡಿಲ್ಲ’ ಎಂದು ಬರಹದಲ್ಲಿ ಹೇಳಿಕೆ ಕೊಟ್ಟು ಅದರ ಪ್ರತಿಗೆ ಸ್ವೀಕೃತಿ ಪಡೆಯಿರಿ. ನಿಮ್ಮ ಊರಿನ ಠಾಣೆಗೆ ಹೋಗಲು ಭಯವಿದ್ದರೆ ಈಗ ವಾಸವಿರುವ ಪ್ರದೇಶದ ಪೊಲೀಸ್ ವರಿಷ್ಠಾಧಿಕಾರಿಗೋ ಕಮಿಷನರಿಗೋ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿ.

2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವಯಸ್ಕರಿಬ್ಬರ ಆಯ್ಕೆಯಲ್ಲಿ ಕುಟುಂಬವಾಗಲಿ ಜಾತಿ ಪಂಚಾಯಿತಿಯಾಗಲಿ ಕೈಹಾಕುವಂತಿಲ್ಲ ಎಂದು ಹೇಳಿ, ಬೆದರಿಕೆಯಿರುವ ಜೋಡಿಗಳಿಗೆ ಸುರಕ್ಷಿತ ವಸತಿ, ಜಿಲ್ಲೆಗೊಂದು ವಿಶೇಷ ಘಟಕ ಮತ್ತು 24 ಗಂಟೆಯ ಸಹಾಯವಾಣಿ ಇರಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತು. ಜೀವಭಯ ನಿಜವಾಗಿಯೂ ಇದ್ದರೆ ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿನಲ್ಲಿ ರಕ್ಷಣೆ ಕೋರಿ ಅರ್ಜಿ ಹಾಕಬಹುದು. ತಕ್ಷಣದ ಅಪಾಯಕ್ಕೆ 112, ಮಹಿಳೆಯರಿಗೆ 181, ಉಚಿತ ಕಾನೂನು ನೆರವಿಗೆ 15100.

ಮೂರನೆಯ ಹಂತ: ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ

ಮದುವೆಯಾಗದವರಿಗೆ ಮನೆ ಬಾಡಿಗೆಗೆ ಕೊಡಬಾರದೆಂಬ ಕಾನೂನಿಲ್ಲ, ಆದರೆ ಕೊಡಲೇಬೇಕೆಂದು ಮಾಲೀಕರನ್ನು ಒತ್ತಾಯಿಸುವ ಕಾನೂನೂ ಇಲ್ಲ. ಅಣ್ಣ ತಂಗಿ ಎಂದೋ ಗಂಡ ಹೆಂಡತಿ ಎಂದೋ ಸುಳ್ಳು ಹೇಳಿ ಮನೆ ಹಿಡಿಯುವುದು ಸುಲಭವೆನಿಸಬಹುದು. ಮುಂದೆ ಜಗಳವಾದಾಗ ಅದೇ ಸುಳ್ಳು ಮಾಲೀಕರ ಕೈಯಲ್ಲಿ ಅಸ್ತ್ರವಾಗುತ್ತದೆ, ನ್ಯಾಯಾಲಯದಲ್ಲೂ ನಿಮ್ಮ ಮಾತಿನ ತೂಕ ಇಳಿಯುತ್ತದೆ. ಸಂಬಂಧವನ್ನು ವಿವರಿಸುವ ಅಗತ್ಯವಿಲ್ಲದೆ ಇಬ್ಬರನ್ನೂ ಬಾಡಿಗೆದಾರರೆಂದು ಬರೆಸಿದರೆ ಸಾಕು.

ಕರಾರಿಗೆ ಸಹಿ ಹಾಕುವ ಮುನ್ನ ಮುಂಗಡದ ಸಾಲನ್ನು ಒಮ್ಮೆ ಓದಿ. ಸಾಮಾನ್ಯವಾಗಿ ಅಲ್ಲಿ ‘ಬಾಡಿಗೆದಾರರು 1,50,000 ರೂಪಾಯಿ ಮುಂಗಡವಾಗಿ ಕೊಟ್ಟಿರುತ್ತಾರೆ’ ಎಂದಷ್ಟೇ ಇರುತ್ತದೆ. ಅದನ್ನು ಯಾರು ಎಷ್ಟು, ಯಾವ ಖಾತೆಯಿಂದ ಕೊಟ್ಟರು, ಮನೆ ಖಾಲಿ ಮಾಡುವಾಗ ಯಾರಿಗೆ ಎಷ್ಟು ವಾಪಸಾಗಬೇಕು ಎಂಬ ಒಂದು ವಾಕ್ಯ ಸೇರಿಸಲು ಮಾಲೀಕರು ಆಕ್ಷೇಪಿಸುವುದು ಅಪರೂಪ. ಜೋಡಿ ಬೇರೆಯಾದಾಗ ಮೊದಲು ಏಳುವ ತಕರಾರು ಬಹುತೇಕ ಈ ಹಣದ್ದೇ. ಇಬ್ಬರ ಹೆಸರಿನ ಕರಾರಿನಿಂದ ಇನ್ನೊಂದು ಲಾಭವಿದೆ: ನೀವು ಒಂದೇ ಮನೆಯಲ್ಲಿ ವಾಸವಿದ್ದಿರಿ ಎಂಬುದಕ್ಕೆ ಅದಕ್ಕಿಂತ ಸರಳವಾದ ಪುರಾವೆ ಮತ್ತೊಂದಿಲ್ಲ.

ನಾಲ್ಕನೆಯ ಹಂತ: ಹಣ, ಸಾಲ ಮತ್ತು ಆಸ್ತಿಯ ಲೆಕ್ಕವನ್ನು ಬೇರೆಬೇರೆಯಾಗಿ ಇಡಿ

ಮದುವೆಯಾಗದ ಜೋಡಿಗಳು ಅತಿ ಹೆಚ್ಚು ನಷ್ಟ ಅನುಭವಿಸುವುದು ಇಲ್ಲಿ, ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ. ನಮ್ಮ ಕಾನೂನಿನಲ್ಲಿ ಜೊತೆಗಿದ್ದ ಕಾರಣಕ್ಕೆ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಪಾಲು ಹುಟ್ಟುವುದಿಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಆಸ್ತಿ ಅವರದು. ಹತ್ತು ವರ್ಷ ಮನೆಯ ಖರ್ಚನ್ನೆಲ್ಲ ಒಬ್ಬರು ತೂಗಿಸಿ, ಇನ್ನೊಬ್ಬರು ತಮ್ಮ ಸಂಬಳದಿಂದ ನಿಶ್ಚಿಂತೆಯಾಗಿ ನಿವೇಶನ ಕೊಂಡಿದ್ದರೂ ನಿವೇಶನ ಕೊಂಡವರದೇ.

ಒಂದು ಉದಾಹರಣೆ ನೋಡೋಣ. 60 ಲಕ್ಷ ರೂಪಾಯಿಯ ಫ್ಲಾಟೊಂದನ್ನು ಇಬ್ಬರೂ ಸೇರಿ ಕೊಳ್ಳುತ್ತೀರಿ ಎಂದಿಟ್ಟುಕೊಳ್ಳಿ. ಒಬ್ಬರು 15 ಲಕ್ಷ ಕೈಯಿಂದ ಹಾಕುತ್ತಾರೆ, ಉಳಿದ 45 ಲಕ್ಷದ ಸಾಲ ಇನ್ನೊಬ್ಬರ ಹೆಸರಿನಲ್ಲಿರುತ್ತದೆ, ಬ್ಯಾಂಕಿನವರಿಗೆ ಸುಲಭವಾಗಲೆಂದು ಕ್ರಯಪತ್ರವೂ ಅವರ ಹೆಸರಿಗೇ ಆಗುತ್ತದೆ. ಕಂತಿನ ಅರ್ಧವನ್ನು ಮೊದಲನೆಯವರು ಪ್ರತಿ ತಿಂಗಳು ಯುಪಿಐ ಮೂಲಕ ಕಳಿಸುತ್ತಾರೆ, ಟಿಪ್ಪಣಿಯ ಜಾಗದಲ್ಲಿ ಏನೂ ಬರೆಯುವುದಿಲ್ಲ. ಐದು ವರ್ಷದ ನಂತರ ಬೇರೆಯಾದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಸ್ನೇಹಿತರೊಬ್ಬರಿಗೆ ಆಗಾಗ ಹೋದ ಹಣ ಮಾತ್ರ. ಅದು ಸಾಲವೋ, ಉಡುಗೊರೆಯೋ, ಮನೆಯಲ್ಲಿರಲು ಕೊಟ್ಟ ಬಾಡಿಗೆಯೋ, ಆಸ್ತಿಯಲ್ಲಿನ ಪಾಲೋ ಎಂದು ಯಾರೂ ಹೇಳಲಾರರು. ಅಷ್ಟೂ ಹಣ ಕೊಟ್ಟವರು ಸಿವಿಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅಲೆದು ಅದನ್ನು ಸಾಬೀತು ಮಾಡಬೇಕಾಗುತ್ತದೆ.

ಅವರ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. 1988ರ ಬೇನಾಮಿ ವ್ಯವಹಾರ ಕಾಯ್ದೆ, 2016ರ ತಿದ್ದುಪಡಿಯ ನಂತರ ಬಹಳ ಕಟ್ಟುನಿಟ್ಟಾಗಿದೆ. ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಕೊಂಡು ಅದರ ಪ್ರಯೋಜನವನ್ನು ಹಣ ಕೊಟ್ಟವರೇ ಪಡೆಯುವುದು ಬೇನಾಮಿ. ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಿ, ಲೆಕ್ಕವಿರುವ ಹಣದಿಂದ ಕೊಂಡರೆ ವಿನಾಯಿತಿಯಿದೆ; ಮದುವೆಯಾಗದ ಸಂಗಾತಿಗೆ ಆ ವಿನಾಯಿತಿ ಇಲ್ಲ. ಪ್ರೀತಿಯಿಂದ ಮಾಡಿದ ಏರ್ಪಾಡು ಆಸ್ತಿ ಮುಟ್ಟುಗೋಲಿಗೂ ಒಂದರಿಂದ ಏಳು ವರ್ಷದ ಕಠಿಣ ಸಜೆಗೂ ದಾರಿಯಾಗಬಹುದೆಂದು ಬಹಳ ಜನರಿಗೆ ತಿಳಿದೇ ಇಲ್ಲ.

ಆದ್ದರಿಂದ ಸೇರಿ ಕೊಳ್ಳುವುದಾದರೆ ಇಬ್ಬರೂ ಖರೀದಿದಾರರಾಗಿ ಸಹಿ ಮಾಡಿ, ಯಾರು ಎಷ್ಟು ಹಣ ಹಾಕಿದರು ಮತ್ತು ಆ ಪ್ರಮಾಣದಲ್ಲಿ ಯಾರ ಪಾಲು ಶೇಕಡಾ ಎಷ್ಟು ಎಂಬುದನ್ನು ಕ್ರಯಪತ್ರದಲ್ಲೇ ಬರೆಸಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಪ್ರತಿ ವರ್ಗಾವಣೆಗೂ ‘ಫ್ಲಾಟ್ ಕಂತು, ನನ್ನ ಪಾಲು’ ಎಂಬಂತೆ ಟಿಪ್ಪಣಿ ಹಾಕಿ. ಉಡುಗೊರೆಯಾಗಿ ಹಣ ಕೊಡುವುದಾದರೆ ಆದಾಯ ತೆರಿಗೆಯ ಲೆಕ್ಕವನ್ನು ಮರೆಯಬೇಡಿ: ತೆರಿಗೆ ಕಾನೂನಿನ ‘ಸಂಬಂಧಿ’ಗಳ ಪಟ್ಟಿಯಲ್ಲಿ ಮದುವೆಯಾಗದ ಸಂಗಾತಿ ಇಲ್ಲ. ಸಂಬಂಧಿಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆಗಳು ಒಟ್ಟು 50,000 ರೂಪಾಯಿ ದಾಟಿದರೆ ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತವೂ ಪಡೆದವರ ಆದಾಯಕ್ಕೆ ಸೇರುತ್ತದೆ. ಸ್ಥಿರಾಸ್ತಿಯನ್ನು ದಾನಪತ್ರದ ಮೂಲಕ ಕೊಟ್ಟರೆ ಅದು ನೋಂದಣಿಯಾಗಲೇಬೇಕು, ಕುಟುಂಬದವರಿಗೆ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿಯೂ ಇಲ್ಲಿ ಸಿಗುವುದಿಲ್ಲ.

ಸಾಲಕ್ಕೆ ಸಹ-ಸಾಲಗಾರರಾಗಿ ಸಹಿ ಮಾಡುವುದು ಇವೆಲ್ಲಕ್ಕಿಂತ ಭಾರವಾದ ಹೊಣೆ. ಸಂಬಂಧ ಮುಗಿದರೂ ಬ್ಯಾಂಕಿನ ಮಟ್ಟಿಗೆ ಹೊಣೆ ಮುಗಿಯುವುದಿಲ್ಲ. ಒಬ್ಬರು ಕಂತು ನಿಲ್ಲಿಸಿದರೆ ಬ್ಯಾಂಕು ಪೂರ್ತಿ ಬಾಕಿಯನ್ನು ಇನ್ನೊಬ್ಬರಿಂದ ವಸೂಲು ಮಾಡಬಹುದು.

ಹಣದ ಏರ್ಪಾಡನ್ನೆಲ್ಲ ಸೇರಿಸಿ ಇಬ್ಬರೂ ಒಂದು ಒಪ್ಪಂದ ಬರೆದುಕೊಳ್ಳುವುದು ಒಳ್ಳೆಯದು. ಆದರೆ ಅದರಲ್ಲಿ ಏನು ಬರೆಯಬಾರದು ಎಂಬುದು ಹೆಚ್ಚು ಮುಖ್ಯ. 1872ರ ಕರಾರು ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ ಅನೈತಿಕವೆಂದು ಅಥವಾ ಸಾರ್ವಜನಿಕ ನೀತಿಗೆ ವಿರುದ್ಧವೆಂದು ನ್ಯಾಯಾಲಯ ಭಾವಿಸುವ ಉದ್ದೇಶದ ಕರಾರು ಅಸಿಂಧು. ‘ಇಷ್ಟು ವರ್ಷ ಜೊತೆಗಿದ್ದರೆ ಇಷ್ಟು ಹಣ ಕೊಡುತ್ತೇನೆ’ ಎಂದು ಬರೆದರೆ ಇಡೀ ಕಾಗದವೇ ನೆಲಕಚ್ಚಬಹುದು. ಒಪ್ಪಂದ ಹಣ ಮತ್ತು ವಸ್ತುಗಳಿಗೆ ಸೀಮಿತವಾಗಿರಲಿ: ಬಾಡಿಗೆ ಮತ್ತು ದಿನಸಿಯ ಪಾಲು, ಯಾವ ಸಾಮಾನು ಯಾರದು, ಜಂಟಿ ಖಾತೆಯ ಹಣ ಹೇಗೆ ಹಂಚಿಕೆ, ಒಬ್ಬರು ಕೆಲಸ ಬಿಟ್ಟು ಮನೆ ನೋಡಿಕೊಂಡರೆ ಆ ಅವಧಿಗೆ ಅವರ ಹೆಸರಿನಲ್ಲಿ ಎಷ್ಟು ಉಳಿತಾಯ. ಈ ಕೊನೆಯದನ್ನು ಬಹುತೇಕರು ಬರೆಯುವುದಿಲ್ಲ, ಮತ್ತು ಮುಂದೆ ಬರಿಗೈಯಲ್ಲಿ ಹೊರಬರುವವರು ಅವರೇ.

ಐದನೆಯ ಹಂತ: ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣೆ ನಿಮಗೆ ಅನ್ವಯವಾಗುತ್ತದೆಯೇ ತಿಳಿಯಿರಿ

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ಮದುವೆಯಾಗದ ಹೆಣ್ಣಿಗೆ ನೇರವಾಗಿ ಹಕ್ಕು ಕೊಟ್ಟ ಬಹು ಮುಖ್ಯ ಕಾನೂನು. ಅದರ ‘ಕೌಟುಂಬಿಕ ಸಂಬಂಧ’ದ ವ್ಯಾಖ್ಯೆಯಲ್ಲಿ ರಕ್ತಸಂಬಂಧ, ಮದುವೆ, ದತ್ತು ಇವುಗಳ ಜೊತೆಗೆ ‘ವಿವಾಹದ ಸ್ವರೂಪದ ಸಂಬಂಧ’ವೂ ಸೇರಿದೆ. ಈಗ ಜೊತೆಗಿರುವವರಷ್ಟೇ ಅಲ್ಲ, ಹಿಂದೆ ಯಾವಾಗಲಾದರೂ ಒಂದೇ ಮನೆಯಲ್ಲಿ ಹಾಗೆ ಬಾಳಿದ್ದವರೂ ಇದರಡಿ ಬರುತ್ತಾರೆ.

ಯಾವುದು ವಿವಾಹದ ಸ್ವರೂಪದ ಸಂಬಂಧ? 2010ರ ವೇಲುಸಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಮಾತು ಹೇಳಿತು: ಜೋಡಿ ಸಮಾಜದ ಎದುರು ಗಂಡ ಹೆಂಡತಿಯಂತೆ ಕಾಣಿಸಿಕೊಂಡಿರಬೇಕು, ಇಬ್ಬರಿಗೂ ಮದುವೆಯ ವಯಸ್ಸಾಗಿರಬೇಕು, ಮದುವೆಯಾಗಲು ಬೇರೆ ಯಾವ ಕಾನೂನಿನ ಅಡ್ಡಿಯೂ ಇರಬಾರದು, ಮತ್ತು ಗಣನೀಯ ಕಾಲ ಸ್ವಇಚ್ಛೆಯಿಂದ ಒಟ್ಟಿಗೆ ಬಾಳಿರಬೇಕು. ವಾರಾಂತ್ಯದಲ್ಲಿ ಭೇಟಿಯಾಗುವ ಸಂಬಂಧ ಇದರೊಳಗೆ ಬರುವುದಿಲ್ಲ. ಮೂರು ವರ್ಷದ ನಂತರ, ಕರ್ನಾಟಕದಿಂದಲೇ ಹೋದ ಇಂದ್ರಾ ಶರ್ಮಾ ಪ್ರಕರಣದಲ್ಲಿ ನ್ಯಾಯಾಲಯ ಇನ್ನಷ್ಟು ವಿವರವಾಗಿ ಸಂಬಂಧದ ಅವಧಿ, ಒಂದೇ ಮನೆ, ಹಣದ ಜಂಟಿ ವ್ಯವಸ್ಥೆ, ಮನೆಗೆಲಸದ ಹಂಚಿಕೆ, ಮಕ್ಕಳು, ಬಂಧುಮಿತ್ರರ ನಡುವೆ ಜೊತೆಯಾಗಿ ಓಡಾಟ, ಇಬ್ಬರ ಉದ್ದೇಶ ಮತ್ತು ನಡವಳಿಕೆ ಇವನ್ನೆಲ್ಲ ಒಟ್ಟಾಗಿ ನೋಡಬೇಕೆಂದಿತು. ಆ ಪ್ರಕರಣದ ಮಹಿಳೆಗೆ ಪರಿಹಾರ ಸಿಗಲಿಲ್ಲ, ಏಕೆಂದರೆ ಪುರುಷ ವಿವಾಹಿತನೆಂದು ಆಕೆಗೆ ಮೊದಲಿನಿಂದಲೂ ತಿಳಿದಿತ್ತು. ವರ್ಷಗಟ್ಟಲೆ ಜೊತೆಗೆ ಬಾಳಿದ ಹೆಣ್ಣು ಹೀಗೆ ಕೈಚೆಲ್ಲಿ ಕೂರಬೇಕಾದುದು ನ್ಯಾಯವೇ ಎಂಬ ಕಳವಳ ತೀರ್ಪಿನಲ್ಲೇ ಇದೆ. ಸಂಸತ್ತು ಇದಕ್ಕೆ ಕಾನೂನು ಮಾಡಬೇಕೆಂದು ನ್ಯಾಯಮೂರ್ತಿಗಳು ಬರೆದರು. ಆ ಕೊರತೆ ಬೇಗ ತುಂಬಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಪುರಾವೆಗಳನ್ನು ಸಹಜವಾಗಿ ಕೂಡಿಡುತ್ತಾ ಹೋಗಿ. ಬಾಡಿಗೆ ಕರಾರು, ಒಂದೇ ವಿಳಾಸದ ಆಧಾರ್ ಅಥವಾ ಗ್ಯಾಸ್ ಸಂಪರ್ಕ, ಜಂಟಿ ಖಾತೆ, ಒಬ್ಬರನ್ನೊಬ್ಬರು ನಾಮಿನಿ ಮಾಡಿದ ಪಾಲಿಸಿ, ಗೃಹಪ್ರವೇಶದ ಆಮಂತ್ರಣ, ನೆರೆಹೊರೆಯವರ ಸಾಕ್ಷ್ಯ, ಇವೆಲ್ಲ ಕೆಲಸಕ್ಕೆ ಬರುತ್ತವೆ. ಇವುಗಳ ಪ್ರತಿಗಳನ್ನು ಸಂಗಾತಿಯ ಕೈಗೆ ಸಿಗದ ಕಡೆಯೂ ಒಂದು ಸೆಟ್ ಇಟ್ಟಿರಿ.

ಹಿಂಸೆ ಎಂದರೆ ಹೊಡೆತ ಮಾತ್ರವಲ್ಲ. ಲೈಂಗಿಕ ಬಲವಂತ, ಬೈಗುಳ ಮತ್ತು ಅವಮಾನ, ಸಂಬಳ ಕಿತ್ತುಕೊಳ್ಳುವುದು, ಮನೆಖರ್ಚಿಗೆ ಹಣ ನಿಲ್ಲಿಸುವುದು, ಮನೆಯಿಂದ ಹೊರಹಾಕುವುದು ಇವೂ ಕಾಯ್ದೆಯ 3ನೆಯ ಸೆಕ್ಷನ್‌ನಲ್ಲಿ ಬರುತ್ತವೆ. ದೂರು ಕೊಡಲು ತಾಲ್ಲೂಕಿನ ಸಂರಕ್ಷಣಾಧಿಕಾರಿಯ ಬಳಿಗೆ ಹೋಗಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಹೊಣೆ ಹೊತ್ತಿದ್ದಾರೆ. ನೇರವಾಗಿ ಮ್ಯಾಜಿಸ್ಟ್ರೇಟರ ಬಳಿ 12ನೆಯ ಸೆಕ್ಷನ್ ಅಡಿ ಅರ್ಜಿಯನ್ನೂ ಹಾಕಬಹುದು. ನೀವು ತಾತ್ಕಾಲಿಕವಾಗಿ ತಂಗಿರುವ ಊರಿನಲ್ಲೇ, ಉದಾಹರಣೆಗೆ ತವರಿನಲ್ಲೇ, ಅರ್ಜಿ ಹಾಕಲು ಅವಕಾಶವಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, 60 ದಿನದೊಳಗೆ ಇತ್ಯರ್ಥಪಡಿಸಲು ನ್ಯಾಯಾಲಯ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕಡತಗಳ ರಾಶಿಯ ನಡುವೆ ಇದು ಪ್ರತಿ ಸಲ ಪಾಲನೆಯಾಗುವುದಿಲ್ಲ, ಆದ್ದರಿಂದ ಅರ್ಜಿಯ ಜೊತೆಗೇ ಮಧ್ಯಂತರ ಆದೇಶವನ್ನು ಕೇಳುವುದನ್ನು ಬಿಡಬೇಡಿ.

ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು, ಹತ್ತಿರ ಬಾರದಂತೆ ರಕ್ಷಣಾ ಆದೇಶ, ಅಗತ್ಯವಿದ್ದರೆ ಪುರುಷನೇ ಮನೆ ಬಿಡಬೇಕೆಂಬ ಆದೇಶ, ಚಿಕಿತ್ಸೆಯ ಖರ್ಚು, ಜೀವನಾಂಶ, ಮಕ್ಕಳ ತಾತ್ಕಾಲಿಕ ವಶ, ಪರಿಹಾರಧನ ಇವಿಷ್ಟನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ವಾಸದ ಹಕ್ಕೆಂದರೆ ಒಡೆತನವಲ್ಲ ಎಂಬುದು ನೆನಪಿರಲಿ. ರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಜೀವನಾಂಶವನ್ನು ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಸೆಕ್ಷನ್ ಅಡಿಯೂ ಕೇಳಬಹುದೇ ಎಂಬ ಪ್ರಶ್ನೆ ಬರುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಸೆಕ್ಷನ್‌ನ ಜಾಗಕ್ಕೆ ಬಂದಿರುವ ಇದರಲ್ಲಿ ‘ಹೆಂಡತಿ’ ಎಂದಿರುವುದರಿಂದ ಮದುವೆಯಾಗದವರ ದಾವೆ ಅಲ್ಲಿ ತಕರಾರಿಗೆ ಸಿಕ್ಕಿಕೊಳ್ಳುತ್ತದೆ. 2018ರ ಲಲಿತಾ ಟೊಪ್ಪೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಿವ್-ಇನ್ ಸಂಗಾತಿ ಕೌಟುಂಬಿಕ ಹಿಂಸೆ ಕಾಯ್ದೆಯಡಿಯೇ ಜೀವನಾಂಶ ಪಡೆಯಬಹುದೆಂದಿತು. ನೇರವಾದ ದಾರಿ ಅದೇ. ಪುರುಷರಿಗೆ ಈ ಕಾಯ್ದೆಯಲ್ಲಿ ಅರ್ಜಿ ಹಾಕುವ ಅವಕಾಶವಿಲ್ಲ. ಸಂಗಾತಿಯಿಂದ ಹಲ್ಲೆ, ಬೆದರಿಕೆ, ಸುಲಿಗೆಯಾದರೆ ಅವರು ಸಾಮಾನ್ಯ ಕ್ರಿಮಿನಲ್ ಕಾನೂನಿನಂತೆ ಠಾಣೆಗೆ ದೂರು ಕೊಡಬೇಕು.

ಆರನೆಯ ಹಂತ: ಮಕ್ಕಳ ವಿಷಯ

ಗರ್ಭ ಧರಿಸಿದ ಹೆಣ್ಣು ಅವಿವಾಹಿತೆ ಎಂಬ ಕಾರಣಕ್ಕೆ ಆಕೆಗೆ ಕಾನೂನುಬದ್ಧ ಗರ್ಭಪಾತ ನಿರಾಕರಿಸುವಂತಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. 18 ದಾಟಿದ ಹೆಣ್ಣಿನ ಸ್ವಂತ ಒಪ್ಪಿಗೆ ಸಾಕು, ಸಂಗಾತಿಯ ಸಹಿ ಬೇಕಿಲ್ಲ.

ಮಗು ಹುಟ್ಟಿದರೆ 21 ದಿನದೊಳಗೆ ಜನನ ನೋಂದಣಿ ಮಾಡಿಸಿ, ಇಬ್ಬರೂ ಒಪ್ಪಿ ಇಬ್ಬರ ಹೆಸರನ್ನೂ ಬರೆಸಿ. ತಂದೆ ಜೊತೆಗಿಲ್ಲದಿದ್ದರೆ ಅವಿವಾಹಿತ ತಾಯಿಯ ಪ್ರಮಾಣಪತ್ರದ (ಅಫಿಡವಿಟ್) ಮೇಲೆಯೇ ಜನನ ಪತ್ರ ಕೊಡಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದೂ ಕಾನೂನಿನಲ್ಲಿ ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಸಹಜ ಪೋಷಕಿ ತಾಯಿ, ಆಕೆಯ ನಂತರ ತಂದೆ. ಮಗುವಿನ ಜೀವನಾಂಶದಲ್ಲಿ ತಕರಾರಿಗೆ ಎಡೆಯೇ ಇಲ್ಲ: 144ನೆಯ ಸೆಕ್ಷನ್ ಮದುವೆಯೊಳಗೆ ಹುಟ್ಟಿದವರು, ಹೊರಗೆ ಹುಟ್ಟಿದವರು ಎಂಬ ಭೇದವಿಲ್ಲದೆ ಎಲ್ಲ ಅಪ್ರಾಪ್ತ ಮಕ್ಕಳಿಗೂ ಅನ್ವಯಿಸುತ್ತದೆ.

ಆಸ್ತಿಯ ವಿಷಯ ಇಷ್ಟು ಸರಳವಲ್ಲ. ತಾಯಿಯ ಆಸ್ತಿಗೆ ಮಗು ವಾರಸುದಾರ. ತಂದೆಯ ಕಡೆಯದನ್ನು ಬಿಡಿಸಿ ನೋಡಬೇಕು. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಬಂದ ತೀರ್ಪು, ಅಸಿಂಧುವಾದ ಮದುವೆಯಿಂದ ಹುಟ್ಟಿದ ಮಕ್ಕಳಿಗೆ ಹೆತ್ತವರ ಆಸ್ತಿಯಲ್ಲಿ, ಅವಿಭಕ್ತ ಕುಟುಂಬದಲ್ಲಿ ಹೆತ್ತವರ ಪಾಲಿಗೆ ಬರುವ ಭಾಗದಲ್ಲಿಯೂ, ಹಕ್ಕಿದೆ ಎಂದಿತು. ಆದರೆ ಅಲ್ಲಿ ಯಾವುದೋ ಒಂದು ರೀತಿಯ ಮದುವೆ ನಡೆದಿತ್ತು. ಮದುವೆಯ ಶಾಸ್ತ್ರವೇ ಆಗದಿದ್ದಲ್ಲಿ, ಹೆತ್ತವರು ಬಹುಕಾಲ ಗಂಡ ಹೆಂಡತಿಯಂತೆ ಬಾಳಿದ್ದರೆಂದು ತೋರಿಸಿ ಮದುವೆಯ ಊಹೆಯನ್ನು ಪಡೆಯಬೇಕು. 2022ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹಾಗೆ ಪಾಲು ದೊರೆತಿದೆ. ಮಗುವನ್ನು ಅಷ್ಟು ದೊಡ್ಡ ವ್ಯಾಜ್ಯಕ್ಕೆ ದೂಡುವ ಬದಲು ತಂದೆ ಮಗುವಿನ ಹೆಸರಿಗೆ ಉಯಿಲು ಬರೆದಿಡಲಿ. ಇದು ತಂದೆಯಾದವನ ಕನಿಷ್ಠ ಹೊಣೆ.

ಜೋಡಿಯಾಗಿ ದತ್ತು ಪಡೆಯಲು ಎರಡು ವರ್ಷದ ಸ್ಥಿರ ದಾಂಪತ್ಯ ಬೇಕೆಂಬ ನಿಯಮವಿದೆ. ಒಂಟಿಯಾಗಿ ಅರ್ಜಿ ಹಾಕಬಹುದು, ಆದರೆ ಒಂಟಿ ಪುರುಷ ಹೆಣ್ಣು ಮಗುವನ್ನು ದತ್ತು ಪಡೆಯುವಂತಿಲ್ಲ. ಬಾಡಿಗೆ ತಾಯ್ತನ ಮದುವೆಯಾಗದ ಜೋಡಿಗೆ ಲಭ್ಯವಿಲ್ಲ.

ಏಳನೆಯ ಹಂತ: ಕಾಯಿಲೆ ಮತ್ತು ಮರಣಕ್ಕೆ ಮೊದಲೇ ಕಾಗದ ಮಾಡಿಡಿ

ಒಬ್ಬರು ತೀರಿಕೊಂಡರೆ ಇನ್ನೊಬ್ಬರು ವಾರಸುದಾರರಲ್ಲ. ಮೂವತ್ತು ವರ್ಷ ಜೊತೆಗಿದ್ದರೂ, ಉಯಿಲೂ ಮಕ್ಕಳೂ ಇಲ್ಲದಿದ್ದರೆ ಆಸ್ತಿ ಸಾಮಾನ್ಯವಾಗಿ ತಂದೆ ತಾಯಿಗೆ, ಅವರಿಲ್ಲದಿದ್ದರೆ ಒಡಹುಟ್ಟಿದವರಿಗೆ, ಹೀಗೆ ಮುಂದುವರಿಯುತ್ತದೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಅದಕ್ಕೆ ಸಾಕ್ಷಿಯಾಗಿ ಇಬ್ಬರ ಸಹಿ ಬೇಕು. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಏಕೆಂದರೆ ಸಂಗಾತಿಯ ಪರವಾದ ಉಯಿಲನ್ನು ಕುಟುಂಬದವರು ಪ್ರಶ್ನಿಸುವ ಸಂಭವ ಹೆಚ್ಚು. ಆಸ್ತಿ ಪಡೆಯುವ ಸಂಗಾತಿಯನ್ನು ಸಾಕ್ಷಿ ಮಾಡಬೇಡಿ. ಈ ವ್ಯಕ್ತಿಗೆ ಏಕೆ ಕೊಡುತ್ತಿದ್ದೇನೆ, ಉಳಿದವರಿಗೆ ಏಕೆ ಕೊಟ್ಟಿಲ್ಲ ಎಂಬುದನ್ನು ಎರಡು ಸಾಲಿನಲ್ಲಿ ಸೌಜನ್ಯದಿಂದ ಬರೆಯಿರಿ. ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲು ಮಾಡಲಾಗದು.

ನಾಮಿನಿ ಮಾಡಿದ್ದೇನೆ, ಅಷ್ಟು ಸಾಕು ಎಂದುಕೊಳ್ಳಬೇಡಿ. ನಾಮಿನಿ ಹಣವನ್ನು ಸ್ವೀಕರಿಸುವವರು ಮಾತ್ರ, ಒಡೆತನ ವಾರಸುದಾರರದು ಅಥವಾ ಉಯಿಲಿನಲ್ಲಿ ಹೆಸರಿರುವವರದು ಎಂಬುದನ್ನು 2023ರ ಡಿಸೆಂಬರ್‌ನಲ್ಲಿ ಷೇರುಗಳ ಕುರಿತ ತೀರ್ಪಿನಲ್ಲೂ ಸುಪ್ರೀಂ ಕೋರ್ಟ್ ದೃಢಪಡಿಸಿದೆ. ಜೀವವಿಮೆಯಲ್ಲಿ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ ಆಗುತ್ತದೆ, ಸಂಗಾತಿಗೆ ಈ ಅನುಕೂಲವಿಲ್ಲ. ಭವಿಷ್ಯನಿಧಿಯ ನಿಯಮದಲ್ಲಿ ‘ಕುಟುಂಬ’ದವರು ಇರುವಾಗ ಹೊರಗಿನವರನ್ನು ನಾಮಿನಿ ಮಾಡಿದರೆ ಅದು ಊರ್ಜಿತವಲ್ಲ. ಹಾಗಾಗಿ ನಾಮಿನಿಯ ಹೆಸರು ಮತ್ತು ಉಯಿಲು ಎರಡೂ ಒಂದಕ್ಕೊಂದು ಹೊಂದುವಂತಿರಲಿ.

ಸಲಿಂಗಿ ಜೋಡಿಗಳಿಗೆ ಈ ಹಂತ ಇನ್ನೂ ಮುಖ್ಯ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರ ಮದುವೆಗೆ ಮಾನ್ಯತೆ ಕೊಡಲಿಲ್ಲವಾದ್ದರಿಂದ ಮದುವೆಯ ದಾರಿಯೇ ಅವರಿಗೆ ಸದ್ಯಕ್ಕೆ ಮುಚ್ಚಿದೆ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲವೆಂದು 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿದೆ. ಬ್ಯಾಂಕಿನ ಸಿಬ್ಬಂದಿ ಹಿಂಜರಿದರೆ ಈ ಸ್ಪಷ್ಟೀಕರಣವನ್ನು ತೋರಿಸಿ.

ಆಸ್ಪತ್ರೆಯ ವಿಷಯಕ್ಕೆ ಬಂದರೆ, ರೋಗಿಗೆ ಪ್ರಜ್ಞೆಯಿರುವಾಗ ಅವರ ಮಾತೇ ಅಂತಿಮ. ಪ್ರಜ್ಞೆ ತಪ್ಪಿದಾಗ ಆಸ್ಪತ್ರೆಯವರು ರಕ್ತಸಂಬಂಧಿಗಳನ್ನು ಹುಡುಕುತ್ತಾರೆ. ತಮ್ಮ ಪರವಾಗಿ ವ್ಯವಹರಿಸಲು ಅಧಿಕಾರ ಕೊಡುವ ಜನರಲ್ ಪವರ್ ಆಫ್ ಅಟಾರ್ನಿ ಪತ್ರ ಇದೆಯೆಂದು ನಿಶ್ಚಿಂತರಾಗಬೇಡಿ, ಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದರೆ ಅಥವಾ ಅವರು ತೀರಿಕೊಂಡರೆ ಅದು ಕೊನೆಯಾಗುತ್ತದೆ. 2018ರ ಕಾಮನ್ ಕಾಸ್ ತೀರ್ಪು ಮತ್ತು 2023ರಲ್ಲಿ ಅದನ್ನು ಸರಳಗೊಳಿಸಿದ ಆದೇಶದಂತೆ, ವಾಸಿಯಾಗದ ಸ್ಥಿತಿಯಲ್ಲಿ ಚಿಕಿತ್ಸೆ ಹೇಗಿರಬೇಕು ಎಂಬ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಅದರಲ್ಲಿ ಪಾಲಕರೆಂದು ಸಂಗಾತಿಯ ಹೆಸರು ಬರೆಯಿರಿ.

ಎಂಟನೆಯ ಹಂತ: ಬೇರೆಯಾಗುವುದಾದರೆ

ವಿಚ್ಛೇದನದ ಡಿಕ್ರಿ ಇಲ್ಲಿ ಬೇಕಿಲ್ಲ. ಆ ಕಾರಣಕ್ಕೇ ಬಹಳ ಜನ ಒಂದು ಚೀಲ ತುಂಬಿಕೊಂಡು ಹೊರಟುಬಿಡುತ್ತಾರೆ, ಲೆಕ್ಕಗಳು ಹಾಗೇ ಉಳಿಯುತ್ತವೆ.

ಮದುವೆಯ ಮಾತನ್ನು ಸಂಬಂಧದ ನಡುವೆ ಎಚ್ಚರದಿಂದ ಆಡಬೇಕೆಂಬುದು ಇಲ್ಲಿಗೆ ಸೇರುವ ವಿಷಯ. ಈಡೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಭರವಸೆ ಕೊಟ್ಟು ಹೆಣ್ಣಿನೊಂದಿಗೆ ದೈಹಿಕ ಸಂಬಂಧ ಬೆಳೆಸುವುದು ನ್ಯಾಯ ಸಂಹಿತೆಯ 69ನೆಯ ಸೆಕ್ಷನ್ ಪ್ರಕಾರ ಹತ್ತು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ. ಪ್ರಾಮಾಣಿಕವಾಗಿ ಕೊಟ್ಟ ಮಾತು ಮುಂದೆ ಪರಿಸ್ಥಿತಿಯಿಂದ ಮುರಿದುಬೀಳುವುದು ಬೇರೆ, ಮೊದಲ ದಿನದಿಂದಲೇ ವಂಚಿಸುವುದು ಬೇರೆ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಬಿಡಿಸಿ ಹೇಳಿದೆ. ಜೊತೆಗಿದ್ದಾಗಿನ ಖಾಸಗಿ ಚಿತ್ರಗಳನ್ನು ಹಂಚುವುದಾಗಿ ಹೆದರಿಸಿದರೆ ಬೆದರಿಕೆಯ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೋ ಸೈಬರ್ ಠಾಣೆಗೋ ಕೂಡಲೇ ದೂರು ಕೊಡಿ.

ಶಾಂತವಾಗಿ ಬೇರೆಯಾಗುವವರು ಒಂದು ಪುಟದ ಇತ್ಯರ್ಥ ಪತ್ರ ಬರೆದು ಇಬ್ಬರೂ ಸಹಿ ಮಾಡಿ. ಮುಂಗಡದ ಹಂಚಿಕೆ, ಸಾಮಾನುಗಳ ಪಟ್ಟಿ, ಬಾಕಿ ಸಾಲವನ್ನು ಯಾರು ತೀರಿಸಬೇಕು, ಮಗುವಿದ್ದರೆ ಯಾರ ಬಳಿ ಇರಬೇಕು, ಇನ್ನೊಬ್ಬರು ಯಾವಾಗ ಭೇಟಿಯಾಗಬೇಕು, ತಿಂಗಳಿಗೆ ಎಷ್ಟು ಕೊಡಬೇಕು ಎಂಬುದು ಅದರಲ್ಲಿರಲಿ. ಸಹ-ಸಾಲಗಾರರ ಹೆಸರು ತೆಗೆಯಲು ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು, ನಿಮ್ಮಿಬ್ಬರ ಪತ್ರ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬಾಡಿಗೆ ಕರಾರಿನಿಂದ ಹೊರಬರುವವರು ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಜಂಟಿ ಖಾತೆ ಮುಚ್ಚಿ, ಎಟಿಎಂ ಕಾರ್ಡ್ ಮತ್ತು ಪಾಸ್‌ವರ್ಡ್‌ಗಳನ್ನು ಬದಲಿಸಿ, ವಿಮೆ, ಬ್ಯಾಂಕ್, ಷೇರು, ಮ್ಯೂಚುವಲ್ ಫಂಡ್‌ಗಳಲ್ಲಿ ನಾಮಿನಿಯ ಹೆಸರನ್ನು ಒಂದೊಂದಾಗಿ ತಿದ್ದಿಸಿ. ಸಂಗಾತಿಯ ಪರವಾಗಿ ಬರೆದ ಉಯಿಲು ಸಂಬಂಧ ಮುರಿದ ಮಾತ್ರಕ್ಕೆ ರದ್ದಾಗುವುದಿಲ್ಲ. ಹೊಸ ಉಯಿಲು ಬರೆದು, ಹಿಂದಿನದನ್ನು ರದ್ದುಪಡಿಸಿದ್ದೇನೆ ಎಂದು ಅದರಲ್ಲಿ ದಿನಾಂಕ ಸಹಿತ ನಮೂದಿಸಿ, ಹಳೆಯದು ನೋಂದಣಿಯಾಗಿದ್ದರೆ ಹೊಸದನ್ನೂ ಉಪನೋಂದಣಾಧಿಕಾರಿ ಕಚೇರಿಯಲ್ಲೇ ನೋಂದಾಯಿಸಿ.